ಹಳೆಯ ಆಟದ ಗಣಕಯಂತ್ರ: ಮಾರುವ ಮೊದಲು ಒಂದಿಷ್ಟು ವಿಚಾರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಿಕ್ಸಿ, ನೀರೆತ್ತುವ ಪಂಪು, ಸೋರುವ ತಾರಸಿ ಮುಂತಾದವುಗಳಿಗೆ ಸಂಬಂಧಿಸಿರುತ್ತವೆ. ಈ ಸಲ ಕೊಡಗಿನ ಉತ್ತರ ಭಾಗದ ಕೊಡ್ಲಿಪೇಟೆಯ ಕಡೆಯಿಂದ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ವಿಷಯ, ಮನೆಯಲ್ಲಿರುವ ಗಣಕಯಂತ್ರ. 2017ರಲ್ಲಿ ಕೊಂಡದ್ದು. ಮಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದು, ಸಂಜೆಯ ಹೊತ್ತು ಅದರಲ್ಲಿ ಆಟವಾಡುತ್ತಾನೆ, ಬಿ.ಕಾಂ. ಅಂತಿಮ ವರ್ಷದ ಮಗಳು ಅದರಲ್ಲೇ ಟ್ಯಾಲಿ ಅಭ್ಯಾಸ ಮಾಡಿ ಪ್ರಾಜೆಕ್ಟ್ ವರದಿ ಬರೆಯುತ್ತಾಳೆ. ಆರಿದ್ರಾ ಮಳೆ ಹಿಡಿದಂದಿನಿಂದ ಯಂತ್ರವು ಆಟದ ನಡುವೆ ತಟ್ಟನೆ ಆರಿಹೋಗುತ್ತಿದೆ. ಕೆಲವು ದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಪಂಖ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಅಂಗಡಿಯವರು ಪೆಟ್ಟಿಗೆ ತೆರೆಯದೆಯೇ, ‘ಮದರ್‌ಬೋರ್ಡ್ ಹೋಗಿದೆ, ಹೊಸದಕ್ಕೆ ಅರುವತ್ತೈದು ಸಾವಿರ ಆಗುತ್ತದೆ’ ಎಂದರಂತೆ. ಮಗನಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು. ತಾಯಿಯವರಿಗೆ ಆ ಪೆಟ್ಟಿಗೆಯೇ ಮನೆಯಿಂದ ಹೊರಗೆ ಹೋಗಬೇಕು. ಮಗಳ ಪ್ರಾಜೆಕ್ಟ್ ಒಪ್ಪಿಸಲು ಆರು ವಾರ ಉಳಿದಿದೆ. ‘ಕಾಫಿಯ ಹಣ ಬರುವುದು ವರ್ಷಕ್ಕೊಮ್ಮೆ, ಅದರಲ್ಲಿ ಮಗಳ ಮುಂದಿನ ಓದಿನ ಪಾಲನ್ನು ತೆಗೆದಿಟ್ಟಿದ್ದೇನೆ, ಅದನ್ನು ಮುಟ್ಟಬೇಕೇ ಬೇಡವೇ ತಿಳಿಸಿರಿ’ ಎಂಬುದು ತಂದೆಯವರ ಪ್ರಶ್ನೆ.

ಮುಟ್ಟಬೇಡಿರಿ ಎಂದೇ ಮೊದಲಿಗೆ ಹೇಳುತ್ತೇನೆ. ಅವರು ಬರೆದಿರುವ ಲಕ್ಷಣಗಳನ್ನು ನೋಡಿದರೆ ಮದರ್‌ಬೋರ್ಡ್ ಸತ್ತಿದೆಯೆಂದು ನಂಬಲು ಕಾರಣವಿಲ್ಲ. ಸತ್ತ ಬೋರ್ಡಿನಲ್ಲಿ ಟ್ಯಾಲಿ ಎರಡು ಗಂಟೆ ಕಾಲ ನಿರಾತಂಕವಾಗಿ ನಡೆಯುವುದಿಲ್ಲ. ಹಗುರ ಕೆಲಸದಲ್ಲಿ ಸುಮ್ಮನಿದ್ದು, ಆಟ ಹಚ್ಚಿದ ಇಪ್ಪತ್ತು ನಿಮಿಷಕ್ಕೆ ಆರುವ ಯಂತ್ರವು ಎರಡು ಕಡೆಗೆ ಬೆರಳು ತೋರಿಸುತ್ತದೆ: ಒಂದು ಕಾವು, ಇನ್ನೊಂದು ವಿದ್ಯುತ್ತು. ಬೆಳಗಿನ ಕಪ್ಪು ಪರದೆಯಾದರೋ ಬಹುಮಟ್ಟಿಗೆ ನಮ್ಮ ಮಳೆಗಾಲದ ಕೊಡುಗೆ.

ಯಾವ ಪ್ರಯೋಗಕ್ಕೂ ಮುನ್ನ ಒಂದು ಕೆಲಸವಾಗಬೇಕು. ಯಂತ್ರ ಹೊತ್ತಿಕೊಂಡಿರುವ ದಿನವೇ ಮಗಳ ಪ್ರಾಜೆಕ್ಟ್ ಕಡತಗಳನ್ನೂ ಮನೆಯ ಮದುವೆ-ನಾಮಕರಣಗಳ ಭಾವಚಿತ್ರಗಳನ್ನೂ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿ ಬೀರುವಿನಲ್ಲಿಡಿರಿ. ಎಂಟು ವರ್ಷ ದಾಟಿದ ಹಾರ್ಡ್ ಡಿಸ್ಕನ್ನು ಯಾರೂ ನಂಬಬಾರದು. ಯಂತ್ರವನ್ನು ಹಣ ಕೊಟ್ಟು ತರಬಹುದು, ಆರು ತಿಂಗಳ ಬರೆವಣಿಗೆಯನ್ನು ತರಲಾಗದು.

ಬಳಿಕ ಒಂದು ನೋಟ್‌ಪುಸ್ತಕ ಇಟ್ಟು ವಾರದ ಮಟ್ಟಿಗೆ ಮಗನಿಂದಲೇ ಬರೆಸಿರಿ. ಯಾವ ಹೊತ್ತಿಗೆ ಆರಿತು, ಆಗ ಏನು ನಡೆದಿತ್ತು, ಮನೆಯ ದೀಪ ಮಂಕಾಗಿತ್ತೇ, ಪಂಪು ಓಡುತ್ತಿತ್ತೇ, ಆರಿದ ಕೂಡಲೇ ಮತ್ತೆ ಹೊತ್ತಿತೇ ಅಥವಾ ಹತ್ತು ನಿಮಿಷ ಬಿಟ್ಟ ಮೇಲೆಯೇ ಹೊತ್ತಿತೇ. ಈ ಕೊನೆಯ ಪ್ರಶ್ನೆ ಮುಖ್ಯ. ತಣಿದ ಮೇಲಷ್ಟೇ ಹೊತ್ತುವುದಾದರೆ ದೋಷ ಕಾವಿನದು. ಒಡನೆಯೇ ಹೊತ್ತುವುದಾದರೆ, ಅದರಲ್ಲೂ ಪಂಪು ಓಡುವ ಹೊತ್ತಿನಲ್ಲೇ ಆರುವುದಾದರೆ, ದೋಷ ವಿದ್ಯುತ್ತಿನದು. ನೀಲಿ ಪರದೆ ಬಂದು ನಿಲ್ಲುವುದು ಬೇರೆಯೇ ಜಾತಿ. ಅದರಲ್ಲಿ ಮೆಮೊರಿ, ಡಿಸ್ಕ್ ಅಥವಾ ಡ್ರೈವರ್‌ಗಳನ್ನು ಶಂಕಿಸಬೇಕು. ಪರದೆಯ ಮೇಲೆ ಬಣ್ಣಬಣ್ಣದ ಗೆರೆ-ಚುಕ್ಕೆಗಳು ಮೂಡಿದರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ.

ಕಾವಿನ ಮಾತನ್ನು ಮೊದಲು ನೋಡೋಣ. ಕೊಡಗಿನಂಥ ತಂಪು ಸೀಮೆಯಲ್ಲಿ ಯಂತ್ರ ಕಾಯುವುದೆಂತು ಎಂದು ಕೇಳುವವರಿದ್ದಾರೆ. ಹೊರಗಿನ ಹವೆ ತಂಪಾದರೇನು, ಸೌದೆ ಒಲೆಯ ಹೊಗೆ ತಾಗಿದ ಧೂಳು ಅಂಟುಧೂಳಾಗಿ, ಶಾಖ ಹೀರುವ ಲೋಹದ ರೆಕ್ಕೆಗಳ ಸಂದಿಯಲ್ಲಿ ಕಂಬಳಿಯಂತೆ ಕೂತುಬಿಡುತ್ತದೆ. ಕಾಫಿ ಒಣಗಿಸುವ ಕಣದ ಕಡೆಗೆ ತೆರೆದ ಕಿಟಕಿಯಿದ್ದರಂತೂ ಹೇಳುವುದೇ ಬೇಡ. ಮಳೆ ಬಿಟ್ಟ ಒಂದು ದಿನ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಜಗಲಿಗೆ ತಂದು, ಮುಚ್ಚಳ ತೆಗೆದು, ಮೆತ್ತನೆಯ ಬ್ರಷ್ ಮತ್ತು ಬ್ಲೋವರ್‌ನಿಂದ ಶುಚಿಮಾಡಿರಿ. ಗಾಳಿ ಊದುವಾಗ ಪಂಖದ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಪ್ರೊಸೆಸರಿನ ಮೇಲಿನ ಪೇಸ್ಟ್ ಇಷ್ಟು ವರ್ಷಕ್ಕೆ ಒಣಗಿ ಹೆಕ್ಕಳಿಕೆಯಾಗಿರುತ್ತದೆ. ಅದನ್ನು ಒರೆಸಿ ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಪಂಖವನ್ನು ನಾಲ್ಕು ಮೂಲೆಯಲ್ಲೂ ಸರಿಯಾಗಿ ಕೂರುವಂತೆ ಒತ್ತಬೇಕು. ಒಂದು ಮೂಲೆ ಎದ್ದಿದ್ದರೂ ಮಾಡಿದ ಕೆಲಸ ವ್ಯರ್ಥ. ಪೇಸ್ಟಿನ ಖರ್ಚು ಕೆಲವು ನೂರು ರೂಪಾಯಿಗಳನ್ನು ಮೀರದು. ಹಿಂದೆ ಮುಂದೆ ತಾಪಮಾನವನ್ನು ಅಳೆಯಲು ‘ಎಚ್‌ಡಬ್ಲ್ಯುಇನ್ಫೋ’ ಎಂಬ ಉಚಿತ ತಂತ್ರಾಂಶವಿದೆ. ಆಟದ ವೇಳೆ ಪ್ರೊಸೆಸರು 95-100 ಡಿಗ್ರಿಯ ಸಮೀಪಕ್ಕೆ ಹೋಗುತ್ತಿದ್ದರೆ ಕಳ್ಳ ಸಿಕ್ಕಂತೆಯೇ. 80ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ.

ಇನ್ನು ವಿದ್ಯುತ್ತು. ನನ್ನ ಅನುಮಾನ ಹೆಚ್ಚಾಗಿ ಇಲ್ಲಿಯೇ ಇದೆ. ಅಗ್ಗದ ಕ್ಯಾಬಿನೆಟ್ಟಿನ ಜೊತೆಗೇ ಬರುವ ಎಸ್‌ಎಂಪಿಎಸ್‌ಗಳ ಮೇಲೆ 450 ವ್ಯಾಟ್ ಎಂದು ಅಚ್ಚಾಗಿರುವುದುಂಟು. ಅಚ್ಚಾದದ್ದನ್ನೆಲ್ಲ ಅವು ಕೊಡುವುದಿಲ್ಲ. ತೋಟದ ಮನೆಗಳಿಗೆ ಬರುವ ವಿದ್ಯುತ್ತು ಉದ್ದನೆಯ ತಂತಿಯಲ್ಲಿ, ಮರಗಳ ನಡುವೆ ಹಾದು ಬರುವಂಥದು. 230 ವೋಲ್ಟ್ ಇರಬೇಕಾದ ಕಡೆ ಸಂಜೆ ಹೊತ್ತಿಗೆ ಅದು ಬಹಳ ಕೆಳಗಿಳಿಯುತ್ತದೆ. ಹಳೆಯ ಎಸ್‌ಎಂಪಿಎಸ್ ಹಗುರ ಕೆಲಸದಲ್ಲಿ ಹೇಗೋ ತಡೆದುಕೊಂಡು, ಆಟದ ಭಾರ ಬಿದ್ದಾಗ ಕೈಬಿಡುತ್ತದೆ. ಹೊಸದನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ‘100-240 ವೋಲ್ಟ್’ ಎಂದು ಬರೆದಿದೆಯೇ ನೋಡಿರಿ. ಕೆಲವು ಮಾದರಿಗಳ ಮೇಲೆ 200-240 ಎಂದಷ್ಟೇ ಇರುತ್ತದೆ. ಬೆಂಗಳೂರಿನ ಮನೆಗೆ ಎರಡೂ ಒಂದೇ, ಕೊಡ್ಲಿಪೇಟೆಯ ತೋಟಕ್ಕೆ ಮೊದಲನೆಯದೇ ಬೇಕು. ಪತ್ರದಲ್ಲಿರುವ ಯಂತ್ರ, ಅಂದರೆ ಐ5-7400 ಪ್ರೊಸೆಸರು ಮತ್ತು ಜಿಟಿಎಕ್ಸ್ 1050 ಟಿಐ ಕಾರ್ಡು, ಆಟದ ಭರದಲ್ಲೂ 200 ವ್ಯಾಟ್ ಒಳಗೇ ಬೇಡುವಂಥದು. ಪ್ರೊಸೆಸರಿಗೆ 65, ಕಾರ್ಡಿಗೆ 75, ಉಳಿದುದು ಚಿಲ್ಲರೆ. ಆದ್ದರಿಂದ ಹೆಸರಾಂತ ತಯಾರಕರ 450 ವ್ಯಾಟ್ ಸಾಕೇ ಸಾಕು. ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯಬೇಕು. 750ರದನ್ನು ತಲೆಗೆ ಕಟ್ಟುವವರಿದ್ದರೆ ನಮಸ್ಕಾರ ಹೇಳಿ ಹೊರಡಿರಿ. ಎಸ್‌ಎಂಪಿಎಸ್‌ನ ಒಳಗನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿರಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯದ ವಿದ್ಯುತ್ತು ಉಳಿದಿರುತ್ತದೆ. ಮಕ್ಕಳಿಗೆ ಇದನ್ನು ಎರಡು ಸಲ ಹೇಳಿರಿ.

ಯುಪಿಎಸ್ ಇಲ್ಲವೆಂದು ಪತ್ರದಲ್ಲಿದೆ. 600 ವಿಎ ಯುಪಿಎಸ್ ಒಂದು ಈ ಯಂತ್ರಕ್ಕೆ ಸಾಕು. ಅದು ಆಟ ಮುಂದುವರಿಸುವುದಕ್ಕಲ್ಲ, ಮಗಳು ಬರೆದುದನ್ನು ಉಳಿಸಿ ಕ್ರಮವಾಗಿ ಯಂತ್ರ ನಿಲ್ಲಿಸುವಷ್ಟು ಕಾಲಾವಕಾಶಕ್ಕೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಬದಿಯಲ್ಲಿ ‘ಯುಪಿಎಸ್’ ಎಂಬ ಸ್ವಿಚ್ ಇದೆಯೇ ನೋಡಿರಿ. ಅದನ್ನು ಆ ಕಡೆ ಹಾಕಿದರೆ ವಿದ್ಯುತ್ತು ಬದಲಾಗುವ ಅವಧಿ ಕಿರಿದಾಗಿ ಗಣಕಯಂತ್ರ ಆರುವುದಿಲ್ಲ. ಎಷ್ಟೋ ಮನೆಗಳಲ್ಲಿ ಆ ಸ್ವಿಚ್ಚನ್ನು ಯಾರೂ ಮುಟ್ಟಿಯೇ ಇರುವುದಿಲ್ಲ! ಇನ್ವರ್ಟರು ಶುದ್ಧ ಸೈನ್ ವೇವ್ ಮಾದರಿಯದಾಗಿರುವುದು ಲೇಸು. ಹಳೆಯ ಚೌಕ ಅಲೆಯ ಇನ್ವರ್ಟರುಗಳ ಮೇಲೆ ಒಳ್ಳೆಯ ಎಸ್‌ಎಂಪಿಎಸ್‌ಗಳೇ ಮುನಿಸಿಕೊಳ್ಳುವುದುಂಟು.

ಅರ್ತಿಂಗ್ ವಿಚಾರವನ್ನು ಓದುಗರು ಬರೆದಿಲ್ಲ. ಆದರೆ ‘ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆ’ ಎಂಬ ಒಂದು ವಾಕ್ಯ ಎರಡನೆಯ ಪುಟದಲ್ಲಿದೆ. ಆ ಒಂದು ವಾಕ್ಯವೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿತು. ಜುಂ ಎನ್ನುವುದು ಅರ್ತಿಂಗ್ ಇಲ್ಲವೆಂಬುದರ ಸೂಚನೆ. ಲೈಸೆನ್ಸ್ ಹೊಂದಿದ ಎಲೆಕ್ಟ್ರೀಷಿಯನ್ ಒಬ್ಬರನ್ನು ಕರೆಸಿ ಅರ್ತಿಂಗ್ ಗುಂಡಿಯನ್ನು ಪರೀಕ್ಷಿಸಿರಿ. ಇದು ಗಣಕಯಂತ್ರದ ಖರ್ಚೆಂದು ಭಾವಿಸಬೇಡಿರಿ. ಮನೆಮಂದಿಯ ಪ್ರಾಣಕ್ಕೆ ಸಂಬಂಧಿಸಿದ್ದು. ಹೂಮಳೆಯ ಕಾಲದಿಂದ ಮುಂಗಾರು ಹಿಡಿಯುವತನಕ ಗುಡುಗು-ಸಿಡಿಲು ಹೆಚ್ಚು. ಆಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್‌ನೆಟ್‌ನ ತಾಮ್ರದ ಕೇಬಲ್ಲನ್ನೂ ಕೀಳಬೇಕು. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಬೆಳಗಿನ ಕಪ್ಪು ಪರದೆಗೆ ಬರುತ್ತೇನೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಪುನರ್ವಸು, ಪುಷ್ಯ ಮಳೆಗಳ ಕಾಲಕ್ಕೆ ಜಿಲ್ಲೆಯ ಬಹುಭಾಗದಲ್ಲಿ ಚಪ್ಪಲಿಯಿಂದ ಪುಸ್ತಕದವರೆಗೆ ಬೂಷ್ಟು ಹಿಡಿಯದ ವಸ್ತುವಿಲ್ಲ. ಗಣಕಯಂತ್ರದ ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚಿಗೂ ತೇವ ತಗಲಿ ಕಿಲುಬು ಪೊರೆ ಕಟ್ಟುತ್ತದೆ. ಪ್ಲಗ್ ಕಿತ್ತು, ಹೊತ್ತಿಸುವ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಒಳಗಿನ ಲೋಹದ ಕಟ್ಟನ್ನು ಮುಟ್ಟಿ, ರ‍್ಯಾಮ್ ಪಟ್ಟಿಯನ್ನು ತೆಗೆಯಿರಿ. ಮಕ್ಕಳ ಮೆತ್ತನೆಯ ರಬ್ಬರಿನಿಂದ ಅಂಚನ್ನು ಹಗುರವಾಗಿ ಉಜ್ಜಿ, ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಎರಡೂ ತುದಿ ಟಕ್ಕೆನ್ನುವವರೆಗೆ ಮತ್ತೆ ಕೂರಿಸಿರಿ. ಅದರಿಂದಲೂ ಆಗದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಕಳಚಿ, ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿಗೇ ಜೋಡಿಸಿ ನೋಡಿರಿ. ಐ5-7400ರ ಒಳಗೇ ಚಿತ್ರ ತೋರಿಸುವ ಸಾಮರ್ಥ್ಯವಿದೆ. ಆಗ ಪರದೆ ಬೆಳಗಿದರೆ ಬೋರ್ಡು ನಿರಪರಾಧಿ. ಅಂಗಡಿಯವರು ಹತ್ತು ನಿಮಿಷದಲ್ಲಿ ಮಾಡಬಹುದಾಗಿದ್ದ ಪರೀಕ್ಷೆ ಇದು.

ಗಡಿಯಾರ ಹಿಂದಕ್ಕೆ ಹೋಗಿ, ಬ್ಯಾಂಕಿನ ಜಾಲತಾಣ ತೆರೆಯದೆ ಎಚ್ಚರಿಕೆ ತೋರಿಸುತ್ತದೆಂದೂ ಬರೆದಿದ್ದಾರೆ. ಅದು ಬೋರ್ಡಿನ ಮೇಲಿನ ನಾಣ್ಯದಾಕಾರದ ‘ಸಿಆರ್2032’ ಬ್ಯಾಟರಿ ಬರಿದಾದುದರ ಫಲ. ನೂರು ರೂಪಾಯಿಯೊಳಗಿನ ಬಾಬ್ತು.

ಮಳೆಗಾಲದಲ್ಲಿ ಯಂತ್ರಕ್ಕೆ ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಹೊತ್ತಿಸಿಡಿರಿ; ಒಳಗಿನ ಬಿಸುಪಿಗೆ ತೇವ ಆರುತ್ತದೆ. ಮಲೆನಾಡಿನ ಕೆಲವು ಮನೆಗಳಲ್ಲಿ ಬಟ್ಟೆಯ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುತ್ತಿದ್ದುದೂ ಇದೇ ತತ್ತ್ವದ ಮೇಲೆ. ಆಡಿ ಮುಗಿಸಿದೊಡನೆ ಪ್ಲಾಸ್ಟಿಕ್ ಹೊದಿಕೆ ಹಾಕುವ ಅಚ್ಚುಕಟ್ಟುತನ ಬೇಡ, ಬಿಸಿ ಪೆಟ್ಟಿಗೆಯ ಸುತ್ತ ತೇವ ಸೆರೆಯಾಗುತ್ತದೆ. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಬೇಕು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಾವೇರಿಯ ನೀರು ಕುಶಾಲನಗರದ ಬಡಾವಣೆಗಳೊಳಗೆ ನುಗ್ಗಿದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ಕುಡಿದ ಯಂತ್ರವನ್ನು ‘ಒಮ್ಮೆ ನೋಡೋಣ’ ಎಂದು ಹೊತ್ತಿಸಬಾರದು. ಪೂರ್ತಿ ಬಿಚ್ಚಿ ಹಲವು ದಿನ ಒಣಗಿಸಿ, ಬಲ್ಲವರಿಂದ ನೋಡಿಸಬೇಕು.

ಇಷ್ಟಾದ ಮೇಲೆ ಉನ್ನತೀಕರಣದ ಮಾತು. ಮಗನ ದೂರು ಹೀಗಿದೆ: ‘ಮೊದಲು ಸಲೀಸಾಗಿ ಓಡುತ್ತಿದ್ದ ಆಟ ಈಗ ತಡವರಿಸುತ್ತದೆ, ಆದ್ದರಿಂದ ಕಾರ್ಡ್ ಬೇಕು.’ ಅವನ ಆಟ ಕೌಂಟರ್-ಸ್ಟ್ರೈಕ್. ಹುಡುಗನ ದೂರು ನಿಜ, ಅವನು ಕಂಡುಕೊಂಡ ಕಾರಣ ಮಾತ್ರ ಸರಿಯಲ್ಲ. 2012ರಲ್ಲಿ ಬಂದ ಹಳೆಯ ಆವೃತ್ತಿ 2 ಜಿಬಿ ಮೆಮೊರಿಯಲ್ಲಿ ಓಡುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ತಯಾರಕರು ಅದರ ಜಾಗದಲ್ಲಿ ಎರಡನೆಯ ಆವೃತ್ತಿಯನ್ನು ತಂದರು. ಅದು ಕನಿಷ್ಠ 8 ಜಿಬಿ ಮೆಮೊರಿಯನ್ನೂ ಡಿಸ್ಕಿನಲ್ಲಿ 85 ಜಿಬಿ ಜಾಗವನ್ನೂ ಕೇಳುತ್ತದೆ. ಯಂತ್ರ ಇದ್ದಂತೆಯೇ ಇದೆ, ಆಟ ಭಾರವಾಯಿತು. ಆ ಭಾರವೂ ಹೆಚ್ಚಾಗಿ ಪ್ರೊಸೆಸರಿನ ಮೇಲೆ. ಆಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಲಿ: ಪ್ರೊಸೆಸರು 100ಕ್ಕೆ ಮುಟ್ಟಿ, ಕಾರ್ಡು 60-70ರಲ್ಲೇ ಕುಂಟುತ್ತಿದ್ದರೆ ಎಷ್ಟು ದುಬಾರಿ ಕಾರ್ಡ್ ತಂದರೂ ಆಟದ ವೇಗ ಹೆಚ್ಚದು. ಅಪ್ಪ ಬೇಡವೆಂದುದಕ್ಕಿಂತ ಯಂತ್ರವೇ ತೋರಿಸಿದ ಅಂಕಿ ಮಗನಿಗೆ ಬೇಗ ಒಪ್ಪಿಗೆಯಾಗುತ್ತದೆ.

ಮೊದಲ ಹಣ ಎಸ್‌ಎಸ್‌ಡಿಗೆ ಹೋಗಲಿ. ತಿರುಗುವ ಹಾರ್ಡ್ ಡಿಸ್ಕ್ ಕ್ಷಣಕ್ಕೆ ನೂರು, ನೂರೈವತ್ತು ಮೆಗಾಬೈಟ್ ಓದಿದರೆ ಸಾಟಾ ಮಾದರಿಯ ಎಸ್‌ಎಸ್‌ಡಿ ಐನೂರರಷ್ಟು ಓದುತ್ತದೆ. ಯಂತ್ರ ಏಳುವುದು, ಟ್ಯಾಲಿ ತೆರೆಯುವುದು, ಆಟ ತುಂಬಿಕೊಳ್ಳುವುದು ಎಲ್ಲವೂ ಚುರುಕಾಗುತ್ತದೆ. ಆಟದೊಳಗಿನ ಚಿತ್ರವೇಗ ಮಾತ್ರ ಹೆಚ್ಚುವುದಿಲ್ಲ, ಇದನ್ನು ಮಗನಿಗೆ ಮುಂಚಿತವಾಗಿ ತಿಳಿಸಿರಿ. ಅವರ ಎಚ್110 ಮಾದರಿಯ ಬೋರ್ಡುಗಳಲ್ಲಿ ಹಲವಕ್ಕೆ ಎಂ.2 ಕಿಂಡಿಯೇ ಇಲ್ಲ, ನೋಡಿಕೊಂಡು ಕೊಳ್ಳಿರಿ. ಹಳೆಯ ಡಿಸ್ಕ್ ಆರೋಗ್ಯವಾಗಿದ್ದರೆ ಭಾವಚಿತ್ರಗಳ ಇನ್ನೊಂದು ನಕಲಿಗೆ ಇರಲಿ.

ಎರಡನೆಯದು ಮೆಮೊರಿ. 8 ಜಿಬಿಯ ಒಂದೇ ಪಟ್ಟಿ ಇದ್ದರೆ ಅಂಥದೇ ಇನ್ನೊಂದನ್ನು ಸೇರಿಸಿದಾಗ ಮೊತ್ತವೂ ಹೆಚ್ಚುತ್ತದೆ, ಎರಡೂ ಜೋಡೆತ್ತಿನಂತೆ ಎಳೆಯುವುದರಿಂದ ವೇಗವೂ ಹೆಚ್ಚುತ್ತದೆ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಅದನ್ನು ರಾಶಿರಾಶಿಯಾಗಿ ಕೊಂಡದ್ದು ಕಾರಣ. ಹೀಗಾಗಿ ಬಳಸಿದ ಡಿಡಿಆರ್4 ಪಟ್ಟಿಯನ್ನು ಹುಡುಕುವುದೇ ಜಾಣತನ. ಮೆಮೊರಿ ಪಟ್ಟಿಗಳು ಬಳಕೆಯಿಂದ ಸವೆಯುವುದು ಅಪರೂಪ. ‘ಮೆಮ್‌ಟೆಸ್ಟ್’ ತಂತ್ರಾಂಶದಲ್ಲಿ ಒಂದು ರಾತ್ರಿ ಪರೀಕ್ಷಿಸಿದರೆ ಸಾಕು. ಡಿಡಿಆರ್3 ಪಟ್ಟಿ ಇದಕ್ಕೆ ಕೂರುವುದಿಲ್ಲ, ಕಚ್ಚಿನ ಸ್ಥಾನವೇ ಬೇರೆ.

ಮೂರನೆಯದಾಗಿ, ಕಾಫಿ ಹಣ ಬಂದ ಮೇಲೆ ಮನಸ್ಸಿದ್ದರೆ, ಬಳಸಿದ ಐ7-7700 ಪ್ರೊಸೆಸರು. ಅದೇ ಕಿಂಡಿಗೆ ಕೂರುತ್ತದೆ, ಅದೂ 65 ವ್ಯಾಟಿನದೇ, ಏಕಕಾಲಕ್ಕೆ ನಾಲ್ಕರ ಬದಲು ಎಂಟು ಎಳೆಗಳಲ್ಲಿ ಕೆಲಸ ಮಾಡುತ್ತದೆ. ಎಂಟನೆಯ ಪೀಳಿಗೆಯ ಐ5-8400 ನೋಡಲು ಅದೇ ಅಳತೆಯದು, ಕಿಂಡಿಯ ಹೆಸರೂ ಅದೇ ‘1151’. ಆದರೆ ಈ ಬೋರ್ಡಿನಲ್ಲಿ ಏಳುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತಂದು ಪೇಚಾಡುವವರು ಬಹಳ.

ಕಾರ್ಡಿನ ಬಗೆಗೆ ಸ್ವಲ್ಪ. 1050 ಟಿಐ 2016ರ ಪೀಳಿಗೆಯದು. ಎನ್ವಿಡಿಯಾ ಸಂಸ್ಥೆಯು ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಒದಗಿಸುವುದನ್ನು 2025ರ ಅಕ್ಟೋಬರಿಗೆ ನಿಲ್ಲಿಸಿ, 2028ರ ಅಕ್ಟೋಬರ್ ವರೆಗೆ ಭದ್ರತಾ ತಿದ್ದುಪಡಿಗಳನ್ನಷ್ಟೇ ಕೊಡುವುದಾಗಿ ಪ್ರಕಟಿಸಿದೆ. ಇಂದಿಗೆ ಅದರಿಂದ ತೊಂದರೆಯಿಲ್ಲ. ಮುಂದೆ ಬದಲಿಸುವ ದಿನ ಬಂದರೆ, ಬೇರೆ ವಿದ್ಯುತ್ ತಂತಿ ಬೇಡದ 75 ವ್ಯಾಟಿನೊಳಗಿನ ಕಾರ್ಡುಗಳನ್ನೇ ನೋಡಿರಿ: ಬಳಸಿದ ಜಿಟಿಎಕ್ಸ್ 1650, ಇಲ್ಲವೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. ಆರ್‌ಎಕ್ಸ್ 6400 ಹೆಸರಿನ ಕಾರ್ಡು ಹಳೆಯ ಬೋರ್ಡಿನಲ್ಲಿ ಅರ್ಧ ಮನಸ್ಸಿನಿಂದ ದುಡಿಯುತ್ತದೆ. ಅದಕ್ಕಿರುವುದು ನಾಲ್ಕೇ ಮಾರ್ಗಗಳು. ಬಳಸಿದ ಕಾರ್ಡನ್ನು ಅರ್ಧ ಗಂಟೆ ಆಡಿಸಿ ನೋಡದೆ ಹಣ ಕೊಡಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕುನೂರು ರೂಪಾಯಿ ಉಳಿಯಿತೆಂದು ಹಿಗ್ಗುವ ಮುನ್ನ, ಕೆಟ್ಟರೆ ಹಿಂದಿರುಗಿಸಲು ಹೋಗಿಬರುವ ಬಸ್ ಖರ್ಚನ್ನೂ ಒಂದು ದಿನದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೊಡಗಿನಲ್ಲಿ ರೈಲೂ ಇಲ್ಲ. ಹಾಸನದಲ್ಲೋ ಕುಶಾಲನಗರದಲ್ಲೋ ಬಿಲ್ಲು ಕೊಟ್ಟು, ಸೀರಿಯಲ್ ನಂಬರು ಬರೆದುಕೊಡುವ ಅಂಗಡಿಯಿದ್ದರೆ ಅದೇ ಮೇಲು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದ ಮನೆಬಳಕೆಯ ಯಂತ್ರಗಳಿಗೆ ಭದ್ರತಾ ತಿದ್ದುಪಡಿಗಳ ಗಡುವು 2026ರ ಅಕ್ಟೋಬರ್ 13. ಏಳನೆಯ ಪೀಳಿಗೆಯ ಈ ಪ್ರೊಸೆಸರನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಅಡ್ಡದಾರಿಯಿಂದ ಹಾಕಿಕೊಡುವವರಿದ್ದಾರೆ, ತಂದೆಯವರ ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರದಲ್ಲಿ ನಾನು ಅದನ್ನು ಹೇಳಲಾರೆ. ಟ್ಯಾಲಿಗೆ ವಿಂಡೋಸ್ ಬೇಕು. ಮಗಳ ಪರೀಕ್ಷೆ ಮುಗಿಯುವತನಕ ಇದ್ದುದನ್ನು ಇದ್ದಂತೆ ಇರಿಸಿ, ಬಳಿಕ ಹಳೆಯ ಡಿಸ್ಕಿನಲ್ಲಿ ಲಿನಕ್ಸ್ ಹಾಕಿ ನೋಡಬಹುದು, ಅದು ಉಚಿತ. ಕೌಂಟರ್-ಸ್ಟ್ರೈಕ್ ಅದರಲ್ಲೂ ಓಡುತ್ತದೆ. ವ್ಯಾಲರಂಟ್ ಎಂಬ ಆಟ ಓಡುವುದಿಲ್ಲ.

ತಾಯಿಯವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಆಗಸ್ಟಿನ ಕಾಯಿದೆಯ ಮೂಲಕ ನಿಷೇಧಿಸಿದೆ. ಮಗ ಆಡುತ್ತಿರುವುದು ಆ ಜಾತಿಯದಲ್ಲ. ಆದರೂ ಆಟದೊಳಗೆ ಬಂದೂಕಿನ ಬಣ್ಣ-ಬೆಡಗಿಗೆ ಹಣ ಕೇಳುವುದುಂಟು, ತಂದೆಯವರ ಯುಪಿಐ ಗುಟ್ಟು ಮಗನಿಗೆ ತಿಳಿಯದಿರಲಿ. ಮಗಳ ಪ್ರಾಜೆಕ್ಟ್ ಮುಗಿಯುವವರೆಗೆ ಸಂಜೆ ಆರರಿಂದ ಒಂಬತ್ತು ಅವಳದಾಗಲಿ. ಪೆಟ್ಟಿಗೆ ಬಿಚ್ಚುವ, ಒರೆಸುವ, ಜೋಡಿಸುವ ಕೆಲಸವನ್ನು ಮಗನಿಗೇ ವಹಿಸಿರಿ, ತಂದೆಯವರು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲಲಿ. ತನ್ನ ಕೈಯಿಂದ ಕಟ್ಟಿದ ಯಂತ್ರವನ್ನು ಹುಡುಗರು ಒದ್ದು ಆಡುವುದಿಲ್ಲ.

ಲೆಕ್ಕ ಹೀಗಾಗುತ್ತದೆ. ಶುಚಿ, ಪೇಸ್ಟ್, ಬ್ಯಾಟರಿ ಈ ವಾರವೇ. ನೋಟ್‌ಪುಸ್ತಕ ವಿದ್ಯುತ್ತಿನ ಕಡೆಗೆ ತೋರಿಸಿದರೆ ಎಸ್‌ಎಂಪಿಎಸ್ ಈ ತಿಂಗಳು, ಜೊತೆಗೆ ಯುಪಿಎಸ್. ಎಸ್‌ಎಸ್‌ಡಿ, ಮೆಮೊರಿಗಳು ಕೈ ಬಿಡುವಾದಾಗ. ಎಲ್ಲ ಸೇರಿ ಹನ್ನೆರಡು ಸಾವಿರ ದಾಟಕೂಡದೆಂದು ಮೊದಲೇ ಗೆರೆ ಎಳೆದುಕೊಳ್ಳಿರಿ. ದಾಟುವಂತೆ ಕಂಡರೆ ಮೆಮೊರಿಯನ್ನು ಮುಂದಕ್ಕೆ ಹಾಕಿರಿ. ಇವುಗಳಲ್ಲಿ ಎಸ್‌ಎಂಪಿಎಸ್, ಯುಪಿಎಸ್, ಎಸ್‌ಎಸ್‌ಡಿ ಮೂರೂ ನಾಳೆ ಬೋರ್ಡು ನಿಜಕ್ಕೂ ಸತ್ತರೆ ಹೊಸ ಯಂತ್ರಕ್ಕೆ ವರ್ಗವಾಗುತ್ತವೆ. ಪ್ರೊಸೆಸರಿಗೆ ಹಾಕಿದ ಹಣ ಮಾತ್ರ ಹಾಗೆ ವರ್ಗವಾಗದು, ಅದಕ್ಕೆಂದೇ ಅದನ್ನು ಹಿಂದಕ್ಕೆ ಇಟ್ಟಿದ್ದೇನೆ. ಬೋರ್ಡು ಹೋದರೆ ಅದೇ ಎಚ್110 ಬೋರ್ಡನ್ನು ಹುಡುಕಿ ಹಣ ಸುರಿಯಬೇಡಿರಿ. ಡಿಡಿಆರ್4 ಮೆಮೊರಿಯನ್ನೇ ಒಪ್ಪುವ ಮುಂದಿನ ಪೀಳಿಗೆಯ ಬೋರ್ಡು-ಪ್ರೊಸೆಸರು ಜೋಡಿಯನ್ನು ವಿಚಾರಿಸಿರಿ.

ಕಳಚಿದ ಹಳೆಯ ಎಸ್‌ಎಂಪಿಎಸ್ಸನ್ನು ತೋಟದ ಗುಂಡಿಗೆ ಎಸೆಯದೆ, ಪೇಟೆಗೆ ಹೋದಾಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿರಿ. ಎರಡು-ಮೂರು ವರ್ಷಕ್ಕೆ ಯುಪಿಎಸ್ಸಿನ ಬ್ಯಾಟರಿ ಬದಲಿಸಬೇಕಾಗುತ್ತದೆ; ಆಗ ಹಳೆಯದನ್ನು ಅಂಗಡಿಗೇ ಒಯ್ದರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ. ನೋಟ್‌ಪುಸ್ತಕದ ಒಂದು ವಾರದ ಬರೆಹವನ್ನು ಕೊಡ್ಲಿಪೇಟೆಯ ಓದುಗರು ಈ ಅಂಕಣದ ವಿಳಾಸಕ್ಕೆ ಕಳುಹಿಸಿದರೆ ಎಸ್‌ಎಂಪಿಎಸ್ ಕೊಳ್ಳುವ ಮೊದಲೇ ಉತ್ತರ ಬರೆಯುತ್ತೇನೆ.